ಎಂಟುನೂರೈವತ್ತು ಗ್ರಾಮಿನ ಕಿಲೋ

ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಆಗಿ ನನ್ನ ನೌಕರಿಯ ಹೆಚ್ಚಿನ ಪಾಲು ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲೇ ಕಳೆಯಿತು. ಈಗ ಅದೇ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವರು ಫೋನ್ ಮಾಡಿ, "ಸರ್, ಫೀಲ್ಡಿನಲ್ಲಿ ಹೇಗಿರುತ್ತದೆ?" ಎಂದು ಕೇಳುತ್ತಾರೆ. ಕಾಯಿದೆ ಪುಸ್ತಕವನ್ನು ಅವರು ನನಗಿಂತ ಚೆನ್ನಾಗಿ ಓದಿದ್ದಾರೆ. ಅದರಲ್ಲಿ ಇಲ್ಲದ ನಾಲ್ಕು ಮಾತುಗಳನ್ನು ಇಲ್ಲಿ ಬರೆದಿಡುತ್ತೇನೆ. ಇದು ದಣಿದವನ ಬರಹ. ಹುರುಪು ಬೇಕಿದ್ದವರು ಬೇರೆ ಯಾರನ್ನಾದರೂ ಕೇಳುವುದು ಒಳ್ಳೆಯದು.

ನಾನು ಸೇರಿದಾಗ ಕೈಗೆ ಬಂದದ್ದು ಹಿತ್ತಾಳೆ ತೂಕಗಳ ಒಂದು ಮರದ ಪೆಟ್ಟಿಗೆ. ಅಂಗಡಿಯವರ ಕಬ್ಬಿಣದ ತೂಕಗಳು ಸರಿಯಿವೆಯೋ ಇಲ್ಲವೋ ಎಂದು ಈ ಹಿತ್ತಾಳೆಯ ಜೊತೆ ಹೋಲಿಸಿ ನೋಡಿ ಮುದ್ರೆ ಒತ್ತಬೇಕು. ಜೀಪು ಇರಲಿಲ್ಲ. ಆಳಂದದಿಂದ ಅಫಜಲಪುರಕ್ಕೆ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಕಾಲ ಮೇಲಿಟ್ಟುಕೊಂಡು ಹೋದರೆ ಕಂಡಕ್ಟರ್ ಅದಕ್ಕೂ ಲಗೇಜ್ ಚೀಟಿ ಹರಿಯುತ್ತಿದ್ದ. "ಸರ್ಕಾರಿ ಸಾಮಾನಪಾ" ಎಂದರೆ, "ಸರ್ಕಾರ ನಿಮ್ಗ ಬಸ್ ಕೊಟ್ಟಿಲ್ಲೇನ್ರಿ ಹಂಗಾರ?" ಎನ್ನುತ್ತಿದ್ದ.

ನನ್ನ ಮೊದಲ ಸಾಹೇಬರು ಹೆಚ್ಚು ಮಾತಾಡುವವರಾಗಿರಲಿಲ್ಲ. ಮೊದಲ ದಿನ ಬಜಾರಿನಲ್ಲಿ ನಾನು ತಕ್ಕಡಿಯ ಮುಳ್ಳನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು, "ತಕ್ಕಡಿ ಏನ್ ನೋಡ್ತಿ? ತೂಗೋ ಕೈ ನೋಡು" ಎಂದರು. ಪರಡಿಯ, ಅಂದರೆ ತಕ್ಕಡಿ ತಟ್ಟೆಯ, ತಳಕ್ಕೆ ಹುಣಸೆಹಣ್ಣು ಅಂಟಿಸುವವನು, ದಾರಕ್ಕೆ ಕಿರುಬೆರಳು ತಾಗಿಸುವವನು, ಗಿರಾಕಿಯನ್ನು ಮಾತಿಗೆಳೆದು ಮುಳ್ಳು ನಿಲ್ಲುವ ಮೊದಲೇ ಪರಡಿ ಎತ್ತುವವನು. ಎಲ್ಲ ಮೋಸವೂ ಕೈಯಲ್ಲಿತ್ತು. ಕಣ್ಣಿದ್ದರೆ ಕಾಣುತ್ತಿತ್ತು.

ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ ತೊಗರಿ ಸುಗ್ಗಿಯ ದಿನ ನಡೆದದ್ದು ನೆನಪಿದೆ. ಹೊರಗಿನಿಂದ ಬಂದ ವ್ಯಾಪಾರಿಯೊಬ್ಬ ಬೇವಿನ ಮರದ ಕೆಳಗೆ ಕಾಟಾ ಎಂಬ ದೊಡ್ಡ ತಕ್ಕಡಿ ಹೂಡಿ ರೈತರ ತೊಗರಿ ಕೊಳ್ಳುತ್ತಿದ್ದ. ಅವನ ಇಪ್ಪತ್ತು ಕಿಲೋ ತೂಕವನ್ನು ನನ್ನ ಹಿತ್ತಾಳೆಯೆದುರು ಇಟ್ಟಾಗ ಅದು ಅರ್ಧ ಕಿಲೋದಷ್ಟು ಹೆಚ್ಚು ಭಾರವಿತ್ತು. ಬುಡದ ಕುಳಿಗೆ ಸೀಸ ತುಂಬಿಸಿದ್ದ. ಮುದುಕ ರೈತರೊಬ್ಬರು ಕೋಲೂರಿಕೊಂಡು ಮುಂದೆ ಬಂದು, "ಎಷ್ಟು ವರ್ಷ ಆತಪಾ ಹಿಂಗ?" ಎಂದು ಮೆಲ್ಲಗೆ ಕೇಳಿದರು. ಅಂದು ತೂಗಿದ್ದೆಲ್ಲವನ್ನೂ ಮತ್ತೊಮ್ಮೆ ನನ್ನೆದುರೇ ತೂಗಿಸಿದೆ. ಊರವರು ನನಗೆ ಶೇಂಗಾ ಹಿಂಡಿ ಚಟ್ನಿ, ರೊಟ್ಟಿ ಕೊಟ್ಟು ಕಳಿಸಿದರು. ಕಳ್ಳ ಯಾರು, ಕಳಕೊಂಡವರು ಯಾರು ಎಂಬುದು ಅಂದು ಒಂದೇ ಮರದ ನೆರಳಲ್ಲಿ ಎಲ್ಲರಿಗೂ ಕಂಡಿತ್ತು. ಅಂಥ ಸ್ಪಷ್ಟವಾದ ದಿನ ಆಮೇಲೆ ನನ್ನ ಪಾಲಿಗೆ ಬರಲಿಲ್ಲ.

ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ಕಾಟಾ ಬಂತು. ಆಮೇಲೆ ಕಾಟಾವೇ ಬೇಡವಾಯಿತು. ಎಲ್ಲವೂ ಪಾಕೀಟಿನಲ್ಲಿ ಬರತೊಡಗಿತು. ಪಾಕೀಟಿನ ಮೇಲೆ ತಯಾರಕರ ಹೆಸರು, ತೂಕ, ತಿಂಗಳು, ಗರಿಷ್ಠ ಬೆಲೆ ಇವೆಯೇ ಎಂದು ನೋಡುವುದು ನಮ್ಮ ಕೆಲಸವಾಯಿತು. ಆಗೆಲ್ಲ ಬೇಳೆ, ಚಹಾಪುಡಿ, ಎಣ್ಣೆಗಳನ್ನು ಗೊತ್ತುಪಡಿಸಿದ ಗಾತ್ರಗಳಲ್ಲೇ ಕಟ್ಟಬೇಕಿತ್ತು. ಇನ್ನೂರು, ಐನೂರು, ಒಂದು ಕಿಲೋ ಹೀಗೆ. ಅಕ್ಷರ ಬಾರದವರೂ ಎರಡು ಅಂಗಡಿಗಳ ಬೆಲೆ ಹೋಲಿಸಬಹುದಿತ್ತು. ನಾನು ನಿವೃತ್ತನಾಗಲು ಕೆಲವೇ ವರ್ಷ ಉಳಿದಿದ್ದಾಗ ಆ ನಿಯಮ ಹೋಯಿತು. ಎಷ್ಟು ಗ್ರಾಮಾದರೂ ಕಟ್ಟಿರಿ, ಆದರೆ ಗ್ರಾಮಿಗೋ ಕಿಲೋಗೋ ಎಷ್ಟು ಬೀಳುತ್ತದೆಂಬುದನ್ನು ಅಚ್ಚು ಹಾಕಿರಿ ಎಂದಾಯಿತು. ಕಾಗದದ ಮೇಲೆ ಅದು ಗಿರಾಕಿಗೆ ಅನುಕೂಲವೇ. ಅಂಗಡಿಯಲ್ಲಿ ಏನಾಯಿತೆಂದು ನನಗೆ ಕಲಿಸಿದವರು ಶಾಂತಾಬಾಯಿ.

ಶಾಂತಾಬಾಯಿ ಮಟಕಿ ಊರಿನವರು. ಗಂಡ ತೀರಿದ ಮೇಲೆ ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ಹಾಕಿದ್ದರು. ಒಂದು ದಿನ ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಕಂಕುಳಲ್ಲಿ ಒಂದು ಸ್ಟೀಲ್ ಡಬ್ಬಿ, ಕೈಯಲ್ಲಿ ಒಂದು ಬೇಳೆ ಪಾಕೀಟು ಹಿಡಿದು ನಿಂತಿದ್ದರು.

"ತೂಕದ ಸಾಹೇಬ್ರು ನೀವೇ ಏನ್ರಿ?"

"ಹೌದವ್ವಾ. ಬರ್ರಿ, ಕೂಡ್ರಿ."

"ಕೂಡಾಕ ಪುರಸೊತ್ತಿಲ್ರಿ, ಹನ್ನೊಂದಕ್ಕ ಊಟದವ್ರು ಬರ್ತಾರ. ಈ ಡಬ್ಬಿ ನೋಡ್ರಿ. ಕಿಲೋ ಬ್ಯಾಳಿ ಸುರದ್ರ ಬರೋಬ್ಬರಿ ಈ ಗೆರಿಗೆ ಬರ್ತಿತ್ತು. ಈಗ ಎರಡ ಬಟ್ಟು ಕೆಳಗ ನಿಲ್ಲಾಕತ್ತದ. ಒಂದು ಪಾಕೀಟಿನಾಗ ಇಪ್ಪತ್ತು ಮಂದಿಗಿ ಬ್ಯಾಳಿ ಆಗ್ತಿತ್ತು. ಈಗ ಹದಿನೇಳಕ್ಕ ಭಾಂಡೆ ಬಳದು ಬೀಳ್ತದ. ಕೊರಳಾಗಿನ ಲಿಂಗದಾಣಿ, ನನ್ನ ಕೈ ಜಾಸ್ತಿ ಹಾಕಿಲ್ಲ."

ಪಾಕೀಟು ಹೊಸ ಸೂಪರ್ ಮಾರ್ಕೆಟ್ಟಿನದು. ಒಬ್ಬರೇ ಮಾಲೀಕರು ಮೂರೂ ತಾಲೂಕಿನ ಊರುಗಳಲ್ಲಿ ಅಂಥ ಮಳಿಗೆ ತೆರೆದಿದ್ದರು. ಬೇಳೆಯನ್ನು ಅವರೇ ಮೂಟೆಯಲ್ಲಿ ಕೊಂಡು ಅವರೇ ಕಟ್ಟಿ ಮಾರುತ್ತಿದ್ದರು. ನನಗೆ ಕೊಳಕೂರಿನ ಬೇವಿನ ಮರ ನೆನಪಾಯಿತು. ಉತ್ಸಾಹದಿಂದಲೇ ಹೊರಟೆ. ಶಾಂತಾಬಾಯಿಯೂ ಖಾನಾವಳಿಯನ್ನು ಸೊಸೆ ರೇಣುಕಾಗೆ ಬಿಟ್ಟು ನನ್ನ ಜೊತೆ ಬಂದರು.

ಮಳಿಗೆಯ ಮ್ಯಾನೇಜರ್ ವಿನಯದ ಮನುಷ್ಯ. ಕುರ್ಚಿ ಹಾಕಿಸಿದ, ತಣ್ಣನೆಯ ನೀರು ತರಿಸಿದ. ಮೂರು ಪಾಕೀಟು ಒಡೆಸಿ ಬೇಳೆಯನ್ನಷ್ಟೇ ತೂಗಿದೆ. ಎಂಟುನೂರ ಐವತ್ತೆರಡು, ಎಂಟುನೂರ ಐವತ್ತೊಂದು, ಎಂಟುನೂರ ಐವತ್ಮೂರು. ಆಮೇಲೆ ಪಾಕೀಟು ತಿರುಗಿಸಿ ನೋಡಿದೆ. ಬೆನ್ನ ಮೇಲೆ ಸ್ಪಷ್ಟವಾಗಿ 'ನಿವ್ವಳ ತೂಕ 850 ಗ್ರಾಂ' ಎಂದಿತ್ತು. ಚೀಲದ ಉದ್ದಗಲ, ಬಣ್ಣ, ಚಿತ್ರ ಎಲ್ಲ ಹಳೆಯ ಕಿಲೋ ಪಾಕೀಟಿನದೇ.

"ನಮ್ದೆಲ್ಲಾ ಕಾನೂನು ಪ್ರಕಾರನ ಅದರಿ ಸರ್" ಎಂದ ಮ್ಯಾನೇಜರ್. "ಒಂದೆರಡು ಗ್ರಾಂ ಜಾಸ್ತಿನೇ ಕೊಡಾಕತ್ತೇವಿ."

ಪಾಕೀಟು ಜೋಡಿಸಿದ ಹಲಗೆಯ ಅಂಚಿಗೆ ಹಳದಿ ಚೀಟಿ ಅಂಟಿಸಿದ್ದರು. ಗರಿಷ್ಠ ಬೆಲೆ ಇನ್ನೂರಾ ಇಪ್ಪತ್ತೈದಕ್ಕೆ ಗೀಟು ಹೊಡೆದು, ನಮ್ಮ ಬೆಲೆ ನೂರಾ ಐವತ್ತೈದು, ನಿಮಗೆ ಉಳಿತಾಯ ಎಪ್ಪತ್ತು ಎಂದು ಬರೆದಿತ್ತು. ಆ ಇನ್ನೂರಾ ಇಪ್ಪತ್ತೈದನ್ನು ಅಚ್ಚು ಹಾಕಿದವರೂ ಅವರೇ, ಗೀಟು ಹೊಡೆದವರೂ ಅವರೇ. ಆ ಬೆಲೆಗೆ ಆ ಬೇಳೆಯನ್ನು ಯಾರೂ ಎಂದೂ ಕೊಂಡಿರಲಿಲ್ಲ. ಎಂಟುನೂರೈವತ್ತು ಗ್ರಾಮಿಗೆ ನೂರಾ ಐವತ್ತೈದು ಎಂದರೆ ಕಿಲೋಗೆ ನೂರಾ ಎಂಬತ್ತೆರಡು. ಎದುರಿನ ಕಿರಾಣಿಯಲ್ಲಿ ಅಂಥದೇ ಬಿಡಿ ಬೇಳೆ ನೂರಾ ಎಪ್ಪತ್ತು. ಗ್ರಾಮಿಗೆಷ್ಟು ಎಂಬ ಹೊಸ ನಿಯಮದ ಸಾಲೂ ಪಾಕೀಟಿನ ಮೇಲಿತ್ತು. ಸಾಸಿವೆ ಗಾತ್ರದ ಅಕ್ಷರದಲ್ಲಿ 'ಗ್ರಾಮಿಗೆ 0.26' ಎಂದು. ಅದೂ ಆ ಗೀಟು ಹೊಡೆದ ಬೆಲೆಯ ಲೆಕ್ಕ. ಪಕ್ಕದ ಎರಡು ಕಿಲೋ ಚೀಲದ ಮೇಲೆ 'ಕಿಲೋಗೆ 215' ಎಂದಿತ್ತು. ಕಿಲೋಗಿಂತ ಕಡಿಮೆ ಇದ್ದರೆ ಗ್ರಾಮಿನ ಲೆಕ್ಕ, ಹೆಚ್ಚಿದ್ದರೆ ಕಿಲೋ ಲೆಕ್ಕ ಎಂಬುದು ನಿಯಮವೇ. ಸೊನ್ನೆ ಬಿಂದು ಇಪ್ಪತ್ತಾರಕ್ಕೂ ಇನ್ನೂರಾ ಹದಿನೈದಕ್ಕೂ ನಿಂತ ನಿಲುವಿನಲ್ಲಿ ಹೋಲಿಕೆ ಮಾಡುವ ಗಿರಾಕಿಯನ್ನು ನಾನಂತೂ ಕಂಡಿಲ್ಲ.

ಎಲ್ಲ ನೋಡಿದರೂ ಕೇಸು ಬರೆಯಲು ಕಾಯಿದೆಯ ಒಂದು ಕಲಮೂ ಸಿಗಲಿಲ್ಲ. ಹೊರಗೆ ಬಂದು ಶಾಂತಾಬಾಯಿಗೆ ಹೇಳಿದೆ: "ತೂಕದಾಗ ಮೋಸ ಇಲ್ಲವ್ವಾ. ಪಾಕೀಟಿನ ಹಿಂದ ಬರದಾರ."

ಅವರು ಡಬ್ಬಿಯ ಮುಚ್ಚಳ ತಿರುಗಿಸಿದರು. "ಹಂಗಾರ ಮೋಸ ನಂದೇ ಏನ್ರಿ? ಓದಾಕ ಬರಲಾರದ್ದು?"

ಈ ಕೆಲಸದಲ್ಲಿ ನಿಮಗೆ ಬಯ್ಯುವವರು ಬಹಳ ಮಂದಿ ಸಿಗುತ್ತಾರೆ. ಅದನ್ನೆಲ್ಲ ತಡೆದುಕೊಳ್ಳಬಹುದು. ಹೀಗೆ ಕೇಳುವವರು ಸಿಕ್ಕಾಗ ಕಷ್ಟ.

ಅದೇ ತಿಂಗಳ ಕೊನೆಗೆ ನಾನು ಮಾಡಿದ ತಪ್ಪನ್ನೂ ಹೇಳಬೇಕು. ತಿಂಗಳಿಗೆ ಇಷ್ಟು ಕೇಸು ಆಗಲೇಬೇಕೆಂದು ಮೇಲಿನಿಂದ ಹೇಳುತ್ತಿದ್ದರು. ನನ್ನ ಪಟ್ಟಿಯಲ್ಲಿ ಎರಡು ಕಡಿಮೆ ಬಿದ್ದಿದ್ದವು. ಅಫಜಲಪುರದ ಬಸ್ ಇಳಿದು ಹಳೆ ಬಜಾರಿನಲ್ಲಿ ಖಾಜಾಸಾಬರ ಕಿರಾಣಿ ಅಂಗಡಿಗೆ ಹೋದೆ. ಅವರನ್ನು ನಾನು ಇಪ್ಪತ್ತು ವರ್ಷದಿಂದ ಬಲ್ಲೆ. ಅವರ ಕಾಟಾ ಒಂದು ದಿನವೂ ತಪ್ಪು ತೋರಿಸಿದ್ದಿಲ್ಲ. ತೂಗಿದ ಮೇಲೆ ಚಿಟಿಕೆ ಸಕ್ಕರೆಯೋ ನಾಲ್ಕು ಕಾಳೋ ಮೇಲೆ ಹಾಕುವುದು ಅವರ ರೂಢಿ.

ಕಬ್ಬು ಕಡಿಯಲು ಹೋಗುವ ಕೂಲಿಯವರು ನಸುಕಿನಲ್ಲಿ ಬರುತ್ತಿದ್ದರು. ತೂಗಿ ಕಟ್ಟುವಷ್ಟು ಹೊತ್ತು ಅವರಿಗೆ ಇರುತ್ತಿರಲಿಲ್ಲ. ಅದಕ್ಕಾಗಿ ಖಾಜಾಸಾಬ್ ಮತ್ತು ಅವರ ಬೀಬಿ ಹಿಂದಿನ ದಿನವೇ ಬೇಳೆ, ಸಕ್ಕರೆ, ಚಹಾಪುಡಿಗಳನ್ನು ಕಾಲು ಕಿಲೋ, ಅರ್ಧ ಕಿಲೋ ಬಿಳಿ ಚೀಲಗಳಲ್ಲಿ ಕಟ್ಟಿ, ದಾರ ಸುತ್ತಿ ಸಾಲಾಗಿ ಇಡುತ್ತಿದ್ದರು. ಮೊದಲೇ ಕಟ್ಟಿಟ್ಟ ಸಾಮಾನಿನ ಮೇಲೆ ಹೆಸರು, ತೂಕ, ತಿಂಗಳು, ಬೆಲೆ ಇರಲೇಬೇಕು ಎಂಬುದು ಕಾನೂನು. ಆ ಚೀಲಗಳ ಮೇಲೆ ಏನೂ ಇರಲಿಲ್ಲ. ಅರ್ಧ ಕಿಲೋ ಎಂದು ಕಟ್ಟಿದ್ದನ್ನು ತೂಗಿದೆ. ಐನೂರ ಹತ್ತು ಗ್ರಾಂ ಇತ್ತು. ಆದರೂ ಕೇಸು ಬರೆದೆ.

"ಸಾಬ್, ತೂಕ ಕಮ್ಮಿ ಅದೇನ್ರಿ?" ಎಂದು ಕೇಳಿದರು ಖಾಜಾಸಾಬ್.

"ತೂಕದ್ದಲ್ಲ ಖಾಜಾಸಾಬ್, ಚೀಟಿದು. ಮ್ಯಾಲೆ ಎಲ್ಲಾ ಅಚ್ಚು ಹಾಕ್ಸಿರಬೇಕು."

"ದರ ದಿನಾ ಬದಲಿ ಆಗ್ತದ್ರಿ. ದಿನಾ ಛಾಪಿಸೋದು ಹ್ಯಾಂಗ? ನನ್ನ ಗಲತಿ ಆದ್ರ ಒಂದು ಸಲ ಹೇಳ್ರಿ, ಸುಧಾರಿಸ್ತೇನಿ."

ಇಲ್ಲಿ ಹೊಸಬರು ಗಮನಿಸಬೇಕು. ಚೀಟಿ ಅಚ್ಚು ಹಾಕಿಸಲೇಬೇಕೆಂದಿಲ್ಲ. ಓದಲು ಬರುವಂತೆ ಪೆನ್ನಿನಲ್ಲಿ ಬರೆದು ಅಂಟಿಸಿದರೂ ಸಾಕು. ಅದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಮರಳಿ ಹೋಗುವ ಬಸ್ಸಿಗೆ ಕಾಲು ಗಂಟೆ ಇತ್ತು, ಎರಡನೆಯ ಕೇಸು ಇನ್ನೂ ಹುಡುಕಬೇಕಿತ್ತು. ಸಹಿ ಮಾಡಿಸಿಕೊಂಡು ಎದ್ದು ಬಂದೆ. ಬರುವಾಗ ಅವರ ಬೀಬಿ ಪರದೆಯ ಹಿಂದಿನಿಂದ ಕೊಟ್ಟ ಚಹಾ ಗಲ್ಲಾಪೆಟ್ಟಿಗೆಯ ಮೇಲೆ ಹಾಗೇ ಉಳಿಯಿತು.

ದಂಡ ಕಟ್ಟಿದ ಮೇಲೆ ಖಾಜಾಸಾಬ್ ಹೆದರಿ ಚೀಲ ಕಟ್ಟುವುದನ್ನೇ ಬಿಟ್ಟರು. ಕೂಲಿಯವರು ಒಂದು ವಾರ ತಡ ಮಾಡಿಕೊಂಡು ನಿಂತರಂತೆ. ಆಮೇಲೆ ಸಂಜೆ ಬರುವಾಗಲೇ ಸೂಪರ್ ಮಾರ್ಕೆಟ್ಟಿನಿಂದ ಒಯ್ಯತೊಡಗಿದರು. ಅಲ್ಲಿ ಎಲ್ಲದರ ಮೇಲೂ ಚೀಟಿ ಇತ್ತಲ್ಲ. ನಾನು ಇದನ್ನು ತಿಳಿದದ್ದು ವರ್ಷದ ನಂತರ, ಅಂಗಡಿಯ ಶಟರ್ ಮುಚ್ಚಿದ್ದನ್ನು ನೋಡಿ ಪಕ್ಕದ ಟೇಲರನ್ನು ಕೇಳಿದಾಗ. "ಮಗಳ ಮನೀಗಿ ಜೇವರ್ಗಿಗಿ ಹೋಗ್ಯಾರ್ರಿ" ಎಂದಷ್ಟೇ ಹೇಳಿ ಅವನು ಹೊಲಿಗೆ ಯಂತ್ರ ತುಳಿಯತೊಡಗಿದ.

ಆಳಂದದಲ್ಲಿ ಮಾತ್ರ ಶಾಂತಾಬಾಯಿ ಸುಮ್ಮನಾಗಿರಲಿಲ್ಲ. ನಾನು ಮಧ್ಯಾಹ್ನ ಅವರಲ್ಲೇ ಊಟ ಮಾಡುತ್ತಿದ್ದೆ. ಒಂದು ದಿನ ತಟ್ಟೆ ತಂದಿಡುತ್ತ, "ಸಾಹೇಬ್ರ, ಕೇಸ್ ಹಾಕೋದು ಬಿಡ್ರಿ. ನನ್ನ ಸೊಸಿಗಿ ಈ ಹಿಸಾಬ ಹೇಳಿ ಕೊಡ್ರಿ" ಎಂದರು. ರೇಣುಕಾ ಪಿಯುಸಿ ಓದಿದ ಹುಡುಗಿ. ಮಾಡುವ ಲೆಕ್ಕ ಒಂದೇ: ಬೆಲೆಯನ್ನು ಗ್ರಾಮಿನಿಂದ ಭಾಗಿಸಿ ಸಾವಿರದಿಂದ ಗುಣಿಸುವುದು. ಅರ್ಧ ಗಂಟೆಯಲ್ಲಿ ಕಲಿತಳು. ಎರಡನೆಯ ದಿನ ಅವಳೇ ನನಗೆ ಪ್ರಶ್ನೆ ಹಾಕಿದಳು.

"ಸರ್, ಶೇಂಗಾ ಎಣ್ಣಿ ಸೂಪರ್ ಮಾರ್ಕೆಟ್ಟಿನಾಗ ನೂರಾ ಅರವತ್ತೆಂಟು, ಕಿರಾಣ್ಯಾಗ ನೂರಾ ಎಂಬತ್ತು. ಅಲ್ಲೇ ಸಸ್ತಾ ಆತಲ್ರಿ?"

"ಅಲ್ಲಿ ಲೀಟರ್ ಅದವಾ. ಕಿರಾಣ್ಯಾಗ ಕಿಲೋ. ಲೀಟರ್ ಎಣ್ಣಿ ತೂಗಿದ್ರ ಒಂಬೈನೂರ ಹತ್ತು ಗ್ರಾಂ ಅಷ್ಟೇ."

ಅವಳು ಫೋನಿನಲ್ಲಿ ಒತ್ತಿ ನೋಡಿದಳು. ಕಿಲೋಗೆ ನೂರಾ ಎಂಬತ್ನಾಲ್ಕೂವರೆ ಬಂತು. "ಅವ್ವಯ್ಯ!" ಎಂದಳು. ಚಹಾಪುಡಿಯದು ಇನ್ನೂ ಚೆಂದ. ಎರಡು ಕೊಂಡರೆ ಒಂದು ಉಚಿತ ಎಂದು ಸೂಪರ್ ಮಾರ್ಕೆಟ್ಟಿನ ಬಾಗಿಲಿಗೇ ತೂಗುಹಾಕಿದ್ದರು. ಇನ್ನೂರು ಗ್ರಾಮಿನ ಎರಡು ಪಾಕೀಟಿಗೆ ಮುನ್ನೂರು ಕೊಟ್ಟು ಮೂರು ತಂದರೆ ಕಿಲೋಗೆ ಐನೂರು ಬೀಳುತ್ತಿತ್ತು. ಅದೇ ಪುಡಿ ಕಿರಾಣಿಯಲ್ಲಿ ಕಾಲು ಕಿಲೋ ನೂರಾ ಇಪ್ಪತ್ತು, ಅಂದರೆ ನಾನೂರಾ ಎಂಬತ್ತು. ಉಚಿತದ ಪಾಕೀಟಿಗೂ ಗಿರಾಕಿಗಳು ದುಡ್ಡು ಕೊಟ್ಟೇ ಬರುತ್ತಿದ್ದರು. ಎಲ್ಲವೂ ಅಲ್ಲಿ ತುಟ್ಟಿ ಎಂದೂ ತಿಳಿಯಬೇಡಿ. ಸಾಬೂನು, ಉಪ್ಪು, ಗೋಧಿಹಿಟ್ಟು ಅಲ್ಲಿಯೇ ಸಸ್ತಾ ಇದ್ದವು. ರೇಣುಕಾ ಅದನ್ನೂ ಬರೆದಳು.

ಬರೆದದ್ದು ಖಾನಾವಳಿಯ ಗೋಡೆಯ ಕರಿ ಹಲಗೆಯ ಮೇಲೆ. ಒಂದು ಬದಿಗೆ 'ಇಂದಿನ ಊಟ', ಇನ್ನೊಂದು ಬದಿಗೆ 'ಕಿಲೋಕ್ಕ ಖರೆ ಕಿಮ್ಮತ್ತು'. ಪ್ರತಿ ಸೋಮವಾರ ಅವಳು ಸೂಪರ್ ಮಾರ್ಕೆಟ್ಟಿಗೂ ಎರಡು ಕಿರಾಣಿಗೂ ಹೋಗಿ ಬಂದು ದರ ತಿದ್ದುತ್ತಿದ್ದಳು. ಊಟಕ್ಕೆ ಬಂದ ಡ್ರೈವರುಗಳು, ಮಾಸ್ತರರು ಓದುತ್ತಿದ್ದರು. ಆಮೇಲೆ ಊಟಕ್ಕೆ ಬಾರದ ಹೆಂಗಸರೂ ಬಾಗಿಲಲ್ಲಿ ನಿಂತು ಓದಿಸಿಕೊಂಡು ಹೋಗತೊಡಗಿದರು. ಒಮ್ಮೆ ಮ್ಯಾನೇಜರ್ ಸ್ವತಃ ಬಂದು, ಎರಡು ರೊಟ್ಟಿ ತಿಂದು, ಫೋಟೋ ತೆಗೆದುಕೊಂಡು ಹೋದ.

ಹದಿನೈದು ದಿನದಲ್ಲಿ ನನಗೆ ಮೇಲಿನ ಸಾಹೇಬರಿಂದ ಕರೆ ಬಂತು. ಅವರು ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ಕೆಟ್ಟವರೇನಲ್ಲ. ಮೇಜಿನ ಮೇಲೆ ಆ ಹಲಗೆಯ ಫೋಟೋ ಅಂಟಿಸಿದ ದೂರು ಇತ್ತು.

"ಮಲ್ಲಿನಾಥ್ ಅವ್ರ, ಇದು ನೀವು ಹೇಳಿಕೊಟ್ಟಿದ್ದೇನ್ರಿ?"

"ಹೌದ್ರಿ ಸರ್. ಲೆಕ್ಕ ತಪ್ಪಿದ್ರ ಹೇಳ್ರಿ."

"ಲೆಕ್ಕ ಬರೋಬ್ಬರಿ ಅದ. ಆದ್ರ ನಮ್ಮ ಕೆಲಸ ತೂಕ ನೋಡೋದು, ಸಸ್ತಾ ಯಾವುದು ತುಟ್ಟಿ ಯಾವುದು ಅಂತ ಹೇಳೋದಲ್ಲ. ಖುರ್ಚಿ ಮ್ಯಾಲೆ ಕೂತು ಒಬ್ಬರ ವ್ಯಾಪಾರದ ವಿರುದ್ಧ ಪ್ರಚಾರ ಮಾಡಾಕತ್ತೀರಿ ಅಂತ ಬರದಾರ. ನಾನು ಏನಂತ ಉತ್ತರ ಬರೀಲಿ?"

ಅವರು ಕಾಗದವನ್ನು ಫೈಲಿಗೆ ಸೇರಿಸಿ, ದನಿ ತಗ್ಗಿಸಿ, "ನಮ್ಮನ್ಯಾಗೂ ಅಲ್ಲಿಂದನೇ ತರ್ತಾರ್ರಿ" ಎಂದರು. ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಬರೆದುಕೊಟ್ಟು ಬಂದೆ. ಮರುದಿನ ಖಾನಾವಳಿಗೆ ಹೋಗಿ ಹಲಗೆ ಅಳಿಸಿಬಿಡಿ ಎಂದು ಹೇಳಲು ಬಾಯಿ ತೆರೆಯುತ್ತಿದ್ದಂತೆ ಶಾಂತಾಬಾಯಿಗೆ ಅರ್ಥವಾಯಿತು.

"ನೀವು ಬರೀಬ್ಯಾಡ್ರಿ ಸಾಹೇಬ್ರ. ನೀವು ನೌಕರಿ ಮಾಡೋರು. ಗ್ವಾಡಿ ನಂದು, ಸುಣ್ಣದ ಕಡ್ಡಿ ನಂದು. ನನ್ನ ಯಾವ ಸಾಹೇಬ ಕರೀತಾನ?"

ಅವರು ಅಳಿಸಲಿಲ್ಲ. ನಾನು ಮಾತ್ರ ಆ ಬದಿಗೆ ಬೆನ್ನು ಮಾಡಿ ಕೂತು ಉಣ್ಣತೊಡಗಿದೆ. ನನ್ನ ಧೈರ್ಯ ಅಷ್ಟೇ ಇತ್ತು.

ನಿವೃತ್ತಿಗೆ ಎರಡು ತಿಂಗಳಿದ್ದಾಗ ಜೇವರ್ಗಿಯಿಂದ ಒಂದು ದೂರು ಬಂತು. ಅದೇ ಮಾಲೀಕರ ಅಲ್ಲಿಯ ಮಳಿಗೆಯಲ್ಲಿ ಗೋಡಂಬಿ, ಒಣದ್ರಾಕ್ಷಿಗಳನ್ನು ಪ್ಲಾಸ್ಟಿಕ್ ಡಬ್ಬಿಯ ಸಮೇತ ತೂಗುತ್ತಾರೆ ಎಂದು. ಡಬ್ಬಿಯ ತೂಕ ಕಳೆದು ಬರೀ ಸಾಮಾನಿನ ತೂಕಕ್ಕೆ ಬೆಲೆ ಹಾಕಬೇಕು, ಇದು ನೇರ ನಮ್ಮ ಕಾನೂನಿಗೆ ಬರುವ ಮಾತು. ಕಡೆಗೂ ಒಂದು ಹಿಡಿತ ಸಿಕ್ಕಿತೆಂದು ಹೋದೆ. ಸಾದಾ ಗಿರಾಕಿಯಂತೆ ಸಾಲಿನಲ್ಲಿ ನಿಂತು ಕಾಲು ಕಿಲೋ ಗೋಡಂಬಿ ಕೇಳಿದೆ. ಕಾಟಾದ ಹಿಂದೆ ಹಸಿರು ಏಪ್ರನ್ ಹಾಕಿಕೊಂಡು ನಿಂತಿದ್ದವರು ಖಾಜಾಸಾಬ್.

ಅವರೂ ನನ್ನನ್ನು ಗುರುತಿಸಿದರು. ಡಬ್ಬಿ ತುಂಬಿ ಕಾಟಾದ ಮೇಲಿಟ್ಟರು. ಕೈ ಒಂದು ಕ್ಷಣ ನಿಂತಿತು. ಆಮೇಲೆ ಬೆಲೆಯ ಚೀಟಿ ತೆಗೆದು ಅಂಟಿಸಿದರು. ನಾನು ಗುರುತಿನ ಚೀಟಿ ತೋರಿಸಿ, ಖಾಲಿ ಡಬ್ಬಿ ಬೇರೆ ತೂಗಿಸಿದೆ. ಮೂವತ್ತೆಂಟು ಗ್ರಾಂ. ಕಿಲೋಗೆ ಒಂಬೈನೂರರ ಗೋಡಂಬಿಗೆ ಪ್ರತಿ ಡಬ್ಬಿಗೂ ಮೂವತ್ನಾಲ್ಕು ರೂಪಾಯಿ ಪ್ಲಾಸ್ಟಿಕ್ಕಿಗೇ ಹೋಗುತ್ತಿತ್ತು. ಮಳಿಗೆಯ ಮುಖ್ಯಸ್ಥ ಓಡಿ ಬಂದ. "ಸರ್, ಇವ್ರು ಹೊಸಬರು, ವಯಸ್ಸಾಗ್ಯಾದ, ಡಬ್ಬಿ ತೂಕ ಕಳಿಯೋ ಬಟನ್ ಒತ್ತೋದು ಮರ್ತಾರ" ಎಂದ.

ನಾನು ಖಾಜಾಸಾಬರ ಕಡೆ ನೋಡಿದೆ. "ಮರ್ತಿರೇನ್ರಿ?"

ಅವರು ಏಪ್ರನ್ನಿಗೆ ಕೈ ಒರೆಸಿಕೊಂಡರು. "ಮರ್ತಿಲ್ಲ ಸಾಬ್. ಡಬ್ಬಿ ತೂಕ ಕಳೀಬ್ಯಾಡ ಅಂತ ಹೇಳ್ಯಾರ. ನಾ ಮೊದಲನೇ ದಿನಾನೇ ಕೇಳಿದ್ದೆ."

ಹೇಳಿಕೆ ಬರೆದುಕೊಂಡೆ. ಹೆಸರು, ವಯಸ್ಸು, ಕೆಲಸ, ಹೇಳಿದ ಮಾತು. ಕೆಳಗೆ ಅವರು ಉರ್ದುವಿನಲ್ಲಿ ಸಹಿ ಮಾಡಿದರು. ಮನೆಗೆ ಬಂದ ಮೇಲೆ ನನಗೆ ಹೊಳೆಯಿತು, ಆ ಹೇಳಿಕೆ ಬೇಕೇ ಇರಲಿಲ್ಲ. ಕಾಟಾ ಎಂದರೆ ಈಗ ಕಂಪ್ಯೂಟರು. ಯಾವ ಸಾಮಾನಿಗೂ ಡಬ್ಬಿಯ ತೂಕ ಕಳೆಯದಂತೆ ಮೊದಲೇ ಗೊತ್ತು ಮಾಡಿಟ್ಟದ್ದು ಅದರಲ್ಲೇ ದಾಖಲಾಗಿತ್ತು. ಅದರ ಚೀಟಿ ತೆಗೆದು ಲಗತ್ತಿಸಿದ್ದರೆ ಕೇಸು ಇನ್ನೂ ಗಟ್ಟಿಯಾಗುತ್ತಿತ್ತು. ಹಳೆಯ ಕಾಲದವನು ನಾನು, ಮನುಷ್ಯನ ಬಾಯಿಂದ ಕೇಳುವುದೇ ರೂಢಿ. ಹೊಸಬರಿಗೆ ನನ್ನ ಬೇಡಿಕೆ ಇದು. ಯಂತ್ರ ಹೇಳುವುದನ್ನು ಯಂತ್ರದಿಂದಲೇ ಹೇಳಿಸಿ. ಸಂಬಳಕ್ಕೆ ನಿಂತವನ ಬಾಯಿಂದ ಹೇಳಿಸಬೇಡಿ.

ಮಳಿಗೆಯವರು ದಂಡವನ್ನು ಅದೇ ವಾರ ಕಟ್ಟಿ ಕೇಸು ಮುಗಿಸಿದರು. ಅವರಿಗೆ ಅದು ಒಂದು ದಿನದ ಗೋಡಂಬಿಯೂ ಅಲ್ಲ. ಕಾಟಾ ಸರಿಪಡಿಸಿದರು, ಅದು ನಿಜ. ಖಾಜಾಸಾಬರಿಗೆ ಮರುದಿನದಿಂದ ಬರಬೇಡಿ ಎಂದರು.

ನಾನು ಅವರ ಮಗಳ ಮನೆ ಹುಡುಕಿಕೊಂಡು ಹೋದೆ. ಹೋಗಲು ಮೂರು ವಾರ ಬೇಕಾಯಿತು. ದಾರಿ ದೂರವೆಂದಲ್ಲ, ಕಾಲು ಏಳಲಿಲ್ಲ. ಬೇಳೆ ಗಿರಣಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಖಾಜಾಸಾಬ್ ಹೊರಗೆ ಚಾಪೆ ಹಾಕಿ ಮೊಮ್ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಅದೇ ನನಗೆ ಹೆಚ್ಚು ನೋವಾದದ್ದು. ಅವರು ನನಗಿಂತ ಹಿರಿಯರು.

"ಕೂಡ್ರಿ ಖಾಜಾಸಾಬ್, ನಾ ಇವತ್ತ ಡ್ಯೂಟಿ ಮ್ಯಾಲೆ ಬಂದಿಲ್ಲ" ಎಂದೆ. ಅಫಜಲಪುರದ ಮಾತನ್ನೇ ಮೊದಲು ತೆಗೆದೆ. ಕೈಯಲ್ಲಿ ಬರೆದ ಚೀಟಿಯೂ ನಡೆಯುತ್ತಿತ್ತು, ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ ಎಂದೆ. ಹೇಳಿದ್ದರೆ ಅಂಗಡಿ ಉಳಿಯುತ್ತಿತ್ತೇನೋ ಎಂದೆ. ಆಮೇಲೆ ಗೋಡಂಬಿಯದನ್ನೂ ಹೇಳಿದೆ. ಅವರು ಪೂರ್ತಿ ಕೇಳಿದರು. ಮೊಮ್ಮಗಳು ಒಳಗಿನಿಂದ ಚಹಾ ತಂದಿಟ್ಟಳು.

"ಪೆನ್ನಿಂದ ಬರದ್ರೂ ನಡೀತಿತ್ತೇನ್ರಿ?" ಎಂದು ಮತ್ತೊಮ್ಮೆ ಕೇಳಿದರು.

"ನಡೀತಿತ್ತು."

ಸಿಟ್ಟು ಮಾಡುತ್ತಾರೆಂದು ನಾನು ಕಾದೆ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

"ಸಾಬ್, ನೀವು ಬರದಿದ್ದು ಎರಡೂ ಸಲ ಖರೆನೇ ಇತ್ತು. ಚೀಟಿ ಇರಲಿಲ್ಲ, ಖರೆ. ಡಬ್ಬಿ ತೂಕ ಕಳದಿರಲಿಲ್ಲ, ಅದೂ ಖರೆ. ನೀವು ಸುಳ್ಳ ಬರದೋರಲ್ಲ. ಆದ್ರ ಎರಡೂ ಸಲ ಅದು ನನ್ನ ಮನೀಗೇ ಬಂತು ನೋಡ್ರಿ." ಆಮೇಲೆ ಲೋಟವನ್ನು ನನ್ನ ಕಡೆ ಸರಿಸಿ, "ಚಹಾ ಆರ್ತದ, ಕುಡೀರಿ" ಎಂದರು.

ಕುಡಿದೆ.